ಅವರ ಮಾತಿನ ಉಳಿದರ್ಧ

ನಮ್ಮ ಯಜಮಾನರು ಶಾಮಣ್ಣನವರಿಗೆ ಆರನೇ ವಯಸ್ಸಿನಿಂದ ಉಗ್ಗು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಒಂದು ಮಾತನ್ನು ಹೇಳಬಾರದ ಜಾಗದಲ್ಲಿ ಹೇಳಿ ನಾನು ಮಾಡಿದ ರಾದ್ಧಾಂತವೇ ಈ ಕಥೆ. ಈ ಸಲ ಅವರ ಅಪ್ಪಣೆ ಕೇಳಿಯೇ ಬರೆಯುತ್ತಿದ್ದೇನೆ. ಅಪ್ಪಣೆ ಕೊಡಲು ಎರಡು ದಿನ ತೆಗೆದುಕೊಂಡರು.

ನಾನು ಚೂಡಾಮಣಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮೂವತ್ತು ವರ್ಷ ಬಾಯಿ ಮುಚ್ಚದೆ ಸಂಬಳ ತಂದವಳು. ಅವರು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಬಾಯಿ ತೆರೆಯದೆ ಸಂಬಳ ತಂದವರು. ಇಬ್ಬರಿಗೂ ಹಂಚಬೇಕಾಗಿದ್ದ ಮಾತನ್ನು ದೇವರು ಇವಳೊಬ್ಬಳ ಮಡಿಲಿಗೇ ಸುರಿದುಬಿಟ್ಟ ಎಂದು ನಮ್ಮತ್ತೆ ಹೇಳುತ್ತಿದ್ದರು. ನನಗೇನೂ ಬೇಜಾರಾಗುತ್ತಿರಲಿಲ್ಲ. ನಿಜವೇ ತಾನೆ.

ಮದುವೆಯಾದ ಹೊಸದರಲ್ಲೇ ನನಗೊಂದು ಅಭ್ಯಾಸ ಅಂಟಿಕೊಂಡಿತು. ಮಾತನ್ನು ಅವರು ಶುರುಮಾಡುತ್ತಿದ್ದರು, ನಾನು ಮುಗಿಸುತ್ತಿದ್ದೆ. ಡಾಕ್ಟರ ಹತ್ತಿರ, ದರ್ಜಿಯ ಹತ್ತಿರ, ರೇಷನ್ ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ. ಅವರ ತುಟಿ ಅದುರಿದ ಕೂಡಲೇ ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. ಪದ್ಮನಾಭನಗರದ ನಮ್ಮ ಬೀದಿಯ ಹೆಂಗಸರೆಲ್ಲ ಗಂಡನ ಮನಸ್ಸು ಓದುವುದನ್ನು ಚೂಡಾಮಣಿಯನ್ನು ನೋಡಿ ಕಲಿಯಬೇಕು ಎನ್ನುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ. ಅವರು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು.

ಎರಡು ಸಾವಿರದ ಒಂದರಲ್ಲಿ ಅವರು ರಿಟೈರ್ ಆದರು. ಅದೇ ವರ್ಷ ಮಗಳು ಸುರಭಿಯ ಓದಿಗೆಂದು ಮನೆಗೆ ಕಂಪ್ಯೂಟರ್ ಬಂತು. ಫೋನಿನ ವೈರನ್ನೇ ಅದಕ್ಕೆ ಸಿಕ್ಕಿಸಬೇಕಿತ್ತು. ಇಂಟರ್‌ನೆಟ್ ಹಾಕಿದರೆ ಫೋನು ಎಂಗೇಜು. ನಾನೋ ಎಕ್ಸ್‌ಚೇಂಜಿನವಳು, ಲೈನು ಗಂಟೆಗಟ್ಟಲೆ ಎಂಗೇಜ್ ಇದ್ದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸುರಭಿ ಕಾಲೇಜಿಗೆ ಹೋದ ಮೇಲೂ ಲೈನು ಬಿಡುವಾಗದಿದ್ದಾಗ ಏನೆಂದು ಒಳಗೆ ಹೋಗಿ ನೋಡಿದರೆ ಇವರು. ಎರಡು ಬೆರಳಲ್ಲಿ ಟಕ್ ಟಕ್ ಎಂದು ಹೊಡೆಯುತ್ತಾ, ಒಬ್ಬರೇ ನಗುತ್ತಾ ಕೂತಿದ್ದಾರೆ.

ಅದು ಯಾಹೂ ಚಾಟ್‌ರೂಮು. ಜೆ.ಪಿ. ನಗರದ ಸೀತಾಲಕ್ಷ್ಮಿ ಎಂಬ ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಒಬ್ಬರು ಕನ್ನಡದವರಿಗೆಂದು ಒಂದು ರೂಮು ತೆರೆದಿದ್ದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಮೂವತ್ತು ಜನ. ಊರಿಗೆ ಹೊಸದಾಗಿ ಬಂದವರು ಅಲ್ಲಿ ದಾರಿ ಕೇಳುತ್ತಿದ್ದರು. ಇವರಿಗೆ ಜಯನಗರ, ಬನಶಂಕರಿಯ ಒಂದೊಂದು ಕ್ರಾಸೂ ಕಂಠಪಾಠ. ಅರ್ಧದಷ್ಟನ್ನು ಕಾಗದದ ಮೇಲೆ ಬರೆದವರೇ ಇವರು. ಆದರೆ ಬೀದಿಯಲ್ಲಿ ಯಾರಾದರೂ ದಾರಿ ಕೇಳಿದರೆ ಮಾತ್ರ ದೇವರೇ ಗತಿ. ಒಮ್ಮೆ ಸ್ಕೂಟರಿನಲ್ಲಿ ಬಂದವನೊಬ್ಬ ಕಲ್ಯಾಣಮಂಟಪ ಎಲ್ಲಿ ಎಂದು ಕೇಳಿದ. ಇವರು "ಎ... ಎ..." ಎನ್ನುವಷ್ಟರಲ್ಲಿ ಥ್ಯಾಂಕ್ಸ್ ಎಂದು ಹೇಳಿ ಹೊರಟೇಹೋದ, ಅದೂ ತಪ್ಪು ದಿಕ್ಕಿಗೆ. ಇವರು ಕೈ ಚಾಚಿಕೊಂಡು ಅಲ್ಲೇ ನಿಂತಿದ್ದರು. ಅವತ್ತು ನಾನು ತರಕಾರಿ ಅಂಗಡಿಯಲ್ಲಿದ್ದೆ, ಓಡಿ ಬರಲಾಗಲಿಲ್ಲ.

ಚಾಟ್‌ರೂಮಿನಲ್ಲಿ ಯಾರೂ ಅರ್ಧಕ್ಕೆ ಹೊರಟುಹೋಗುತ್ತಿರಲಿಲ್ಲ. ಗದಗಿನ ಕಡೆಯಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ರವಿಕುಮಾರ ಎಂಬ ಹುಡುಗ ಒಂದು ದಿನ ಬನಶಂಕರಿ ಸೆಕೆಂಡ್ ಸ್ಟೇಜಿಗೆ ಇಂಟರ್‌ವ್ಯೂಗೆ ಹೋಗುವ ದಾರಿ ಕೇಳಿದನಂತೆ. ಇವರು ಬಸ್ಸು, ಸ್ಟಾಪು, ಇಳಿದ ಮೇಲೆ ಎಡಗಡೆ ಕಾಣುವ ಹಿಟ್ಟಿನ ಗಿರಣಿ, ಅದರ ಪಕ್ಕದ ಗೇಟಿಲ್ಲದ ಮನೆ, ಎಲ್ಲವನ್ನೂ ಬರೆದು ಕಳಿಸಿದರು. ಮಧ್ಯೆ ಆ ಗಿರಣಿಯವನ ಮೀಸೆಯ ಬಗ್ಗೆ ಒಂದು ತಮಾಷೆ ಬೇರೆ. ಹುಡುಗನಿಗೆ ಕೆಲಸ ಸಿಕ್ಕಿತು. ಅಂದಿನಿಂದ ಶಾಮಣ್ಣ ಸಾರ್ ಎಂದರೆ ಆ ರೂಮಿನಲ್ಲಿ ದೊಡ್ಡ ಹೆಸರು. ಈ ಮನುಷ್ಯ ಇಷ್ಟು ತರಲೆ ಎಂದು ನನಗೆ ಗೊತ್ತಾಗಿದ್ದೇ ಅವರ ಹೆಗಲ ಮೇಲಿಂದ ಬಗ್ಗಿ ಓದಿದಾಗ. ಸತ್ಯ ಹೇಳುತ್ತೇನೆ, ಸ್ವಲ್ಪ ಹೊಟ್ಟೆ ಉರಿಯಿತು. ನಾನಿಲ್ಲದೆ ಅವರು ಮಾತಾಡುತ್ತಿದ್ದ ಜಾಗ ಅದೊಂದೇ.

ಬಾಡಿಗೆ ಮನೆಯವರಿಗೆ ಒಂದು ಕಡೆ ನೆಲೆ ಇಲ್ಲ ಎನ್ನುತ್ತಾರಲ್ಲ, ಈ ಚಾಟಿನವರದೂ ಅದೇ ಪಾಡು. ಎರಡು ಸಾವಿರದ ಐದರಲ್ಲಿ ಯಾಹೂದವರು ಅಂಥ ರೂಮುಗಳನ್ನೆಲ್ಲ ಮುಚ್ಚಿಬಿಟ್ಟರು. ಇವರೆಲ್ಲ ಮೆಸೆಂಜರಿಗೆ ಬಂದರು. ಬರುವಾಗ ಹತ್ತು ಜನ ತಪ್ಪಿಸಿಕೊಂಡರು. ಅಷ್ಟರಲ್ಲಿ ನಾನೂ ರಿಟೈರ್ ಆಗಿದ್ದೆ. ಸುರಭಿ ನನಗೂ ಒಂದು ಐಡಿ ಮಾಡಿಕೊಟ್ಟಳು. ಸೀತಾಲಕ್ಷ್ಮಿಯವರು, ನಾನು ಚಿಕ್ಕ ಕಿಟಕಿ ತೆರೆದುಕೊಂಡು ಮಂಡಿನೋವು, ಮೆಣಸಿನಪುಡಿ ಎಂದು ಮಧ್ಯಾಹ್ನವೆಲ್ಲ ಹರಟುತ್ತಿದ್ದೆವು. ಅವರು ಬರೆದದ್ದು ನನಗೆ, ನಾನು ಬರೆದದ್ದು ಅವರಿಗೆ. ನನಗಿದು ಅರ್ಥವಾಗುವ ವ್ಯವಹಾರ. ಎಕ್ಸ್‌ಚೇಂಜಿನಲ್ಲೂ ಹಾಗೆಯೇ: ಒಂದು ತುದಿ ಇಲ್ಲಿ ಸಿಕ್ಕಿಸು, ಇನ್ನೊಂದು ತುದಿ ಅಲ್ಲಿ ಸಿಕ್ಕಿಸು, ಮಧ್ಯೆ ಮೂರನೆಯವರಿಗೆ ಕೆಲಸವಿಲ್ಲ.

ಮರುವರ್ಷ ಹುಡುಗರೆಲ್ಲ ಆರ್ಕುಟ್ ಆರ್ಕುಟ್ ಎಂದು ಕುಣಿಯತೊಡಗಿದರು. ಸರಿ, ಮತ್ತೆ ಗಂಟುಮೂಟೆ ಕಟ್ಟಿ ಎಲ್ಲರೂ ಅಲ್ಲಿಗೆ. ಇನ್ನೂ ಒಂದಷ್ಟು ಜನ ಕಳೆದುಹೋದರು. ಕೊನೆಗೆ ಉಳಿದದ್ದು ಹಳಬರು ಹನ್ನೊಂದು ಜನ, ಜೊತೆಗೆ ಕೆಲವು ಹೊಸಬರು. ಅಲ್ಲಿ ಒಬ್ಬೊಬ್ಬರಿಗೂ ಒಂದು ಪುಟ, ಪುಟದಲ್ಲಿ ಸ್ಕ್ರ್ಯಾಪ್‌ಬುಕ್ ಎಂಬ ಜಾಗ. ಅಲ್ಲಿ ಬರೆದರೆ ಅವರಿಗೆ ತಲುಪುತ್ತದೆ ಎಂದು ಸುರಭಿ ತೋರಿಸಿಕೊಟ್ಟಳು. ತಲುಪುತ್ತದಲ್ಲ, ಇನ್ನೇನು ಬೇಕು ಎಂದುಕೊಂಡೆ. ಅವಳು ಮುಂದೆ ಇನ್ನೇನೋ ಹೇಳುತ್ತಿದ್ದಳು. ಗೊತ್ತಾಯ್ತು ಬಿಡೇ ಎಂದೆ.

ಎರಡು ಸಾವಿರದ ಏಳರ ಹೊತ್ತಿಗೆ ಮನೆಮನೆಗೂ ಬ್ರಾಡ್‌ಬ್ಯಾಂಡ್ ಬಂದಿತ್ತು. ಬರೆದು ಸಾಕಾಯಿತು, ಪ್ರತಿ ಭಾನುವಾರ ಹನ್ನೊಂದಕ್ಕೆ ಮೈಕ್ ಹಾಕಿಕೊಂಡು ಎಲ್ಲರೂ ಮಾತಾಡೋಣ ಎಂದು ಗುಂಪಿನವರು ತೀರ್ಮಾನಿಸಿದರು. ಅದನ್ನು ಓದಿ ಇವರ ಮುಖ ಸುಣ್ಣವಾಯಿತು. ಮೊದಲನೇ ಭಾನುವಾರ ಮೈಕ್ ಇಲ್ಲ ಎಂದು ಬರೆದರು. ಎರಡನೇ ಭಾನುವಾರ ಕರೆಂಟಿಲ್ಲ ಎಂದರು. ಮೂರನೇ ಭಾನುವಾರ ಏನೂ ಬರೆಯದೆ ಗಿಡಕ್ಕೆ ನೀರು ಹಾಕಲು ಹೋದರು. ಮಾತಿಗೆ ಹೋಗದಿದ್ದರೆ ಆರು ವರ್ಷದ ಸ್ನೇಹಿತರೆಲ್ಲ ಕೈಬಿಟ್ಟುಹೋಗುತ್ತಾರೆ. ಹೋದರೆ ಶಾಮಣ್ಣ ಸಾರ್ ಎಂಬ ಆ ಚುರುಕು ಮನುಷ್ಯ ಅಲ್ಲಿಗೆ ಮುಗಿದಹಾಗೆ. ಅವರ ಸಂಕಟ ನನಗೆ ಕಾಣುತ್ತಿತ್ತು. 

ನಾಲ್ಕನೇ ವಾರ ವಸಿಷ್ಠ ಎಂಬ ಕಾಲೇಜು ಹುಡುಗ, ಗುಂಪಿಗೆ ಹೊಸಬ, ಎಲ್ಲರ ಮುಂದೆ ಒಂದು ಪ್ರಶ್ನೆ ಹಾಕಿದ. ಶಾಮಣ್ಣ ಸಾರ್ ನಿಜವಾಗಿ ಇದ್ದಾರಾ, ಇಲ್ಲ ಯಾರೋ ಹುಡುಗರು ಮಾಡಿದ ಫೇಕ್ ಪ್ರೊಫೈಲಾ ಎಂದು. ಅವನ ಕೆಳಗೆ ಇನ್ನಿಬ್ಬರು ಹೌದು ಹೌದು, ನಮಗೂ ಅನುಮಾನ ಎಂದರು. ರವಿಕುಮಾರ ಸಿಟ್ಟಿನಿಂದ ಏನೋ ಬರೆದಿದ್ದ, ಸೀತಾಲಕ್ಷ್ಮಿಯವರು ಸ್ವಲ್ಪ ತಾಳ್ಮೆಯಿಂದಿರಿ ಎಂದು ಬರೆದಿದ್ದರು. ಓದಿದ್ದೇ ತಡ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿಕೊಂಡಿತು. ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡನನ್ನು ಇಲ್ಲವೇ ಇಲ್ಲ ಎನ್ನುತ್ತಾನಲ್ಲ ಈ ಪಿಳ್ಳೆ. ಇವರು ಹಿಂದಿನಿಂದ ಬಂದು ನನ್ನ ಹೆಗಲು ಮುಟ್ಟಿ ಏನೋ ಹೇಳಲು ಶುರುಮಾಡಿದರು. ನೀವು ಸುಮ್ನಿರಿ, ನಾನು ನೋಡ್ಕೋತೀನಿ ಎಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ಹೋದರು.

ನಾನು ಸೀತಾಲಕ್ಷ್ಮಿಯವರ ಪುಟಕ್ಕೆ ಹೋಗಿ ಆ ಸ್ಕ್ರ್ಯಾಪ್‌ಬುಕ್ಕಿನಲ್ಲಿ ಬರೆದೆ. ಸಣ್ಣದಾಗಿ ಬರೆಯುವ ಜಾತಿಯವಳೇ ಅಲ್ಲ ನಾನು. ನಮ್ಮ ಯಜಮಾನರಿಗೆ ಚಿಕ್ಕಂದಿನಿಂದ ಉಗ್ಗು ಇದೆ, ಪಾಪ. ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣ ಕೇಳಲಿಕ್ಕೂ ಕಷ್ಟ. ಮದುವೆ ದಿನ ಗೋತ್ರ ಹೇಳಲಾಗದೆ ನಮ್ಮ ಮಾವನವರೇ ಹೇಳಿದರು. ನಿಮ್ಮೆಲ್ಲರ ಜೊತೆ ಮಾತಾಡುವ ಧೈರ್ಯ ಅವರಿಗಿಲ್ಲ, ಮೈಕಿಗೆ ಬನ್ನಿ ಎಂದು ಒತ್ತಾಯ ಮಾಡಬೇಡಿ. ಇದು ನಿಮಗೊಬ್ಬರಿಗೇ ಹೇಳುತ್ತಿರುವುದು, ಗುಟ್ಟಾಗಿರಲಿ. ಹೀಗೆ ಬರೆದು ಕಳಿಸಿ, ಭಾರ ಇಳಿದಂತಾಗಿ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಸೀತಾಲಕ್ಷ್ಮಿಯವರು ಆಗ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿದ್ದರು, ನೋಡಿರಲಿಲ್ಲ. ಮೂರನೇ ದಿನ ಸಾಯಂಕಾಲ ಸುರಭಿ ಕೆಲಸಕ್ಕೆ ಸೇರಿದ್ದ ಬ್ಯಾಂಕಿನಿಂದ ಬಂದವಳು ಬ್ಯಾಗು ಕೂಡ ಇಳಿಸದೆ ನನ್ನ ಮುಂದೆ ನಿಂತಳು.

"ಅಮ್ಮ, ಏನ್ ಬರ್ದಿದೀಯ ಅದು? ಸ್ಕ್ರ್ಯಾಪು ಎಲ್ರಿಗೂ ಕಾಣತ್ತೆ. ಎಲ್ರೂ ಓದಿದಾರೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವರ ಪುಟದಲ್ಲಿ ಅವರಿಗೆಂದು ಬರೆದದ್ದು ಊರಿಗೆಲ್ಲ ಹೇಗೆ ಕಾಣುತ್ತದೆ? ಅವಳು ತೆರೆದು ತೋರಿಸಿದಳು. ಇವರ ಪುಟದಲ್ಲಿ ಸಾಲುಗಟ್ಟಿ ಸಂತಾಪ. ಪಾಪ ಸಾರ್, ಬೇಜಾರು ಮಾಡಿಕೊಳ್ಳಬೇಡಿ ಸಾರ್. ಒಬ್ಬ ಯಾವುದೋ ಡಾಕ್ಟರ ನಂಬರು ಕೊಟ್ಟಿದ್ದ. ಇನ್ನೊಬ್ಬಳು ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಓದಿ ಎಂದಿದ್ದಳು. ವಸಿಷ್ಠ ಹತ್ತು ಸಲ ಸಾರಿ ಕೇಳಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುರಭಿ ನನ್ನ ಬರಹವನ್ನು ಅಳಿಸಿದಳು. ಓದಿದವರ ತಲೆಯಿಂದ ಅಳಿಸುವುದು ಹೇಗೆ? ನಾನು ಕೂತಲ್ಲೇ ಅತ್ತೆ.

ಇವರು ಆಗಲೇ ಎಲ್ಲವನ್ನೂ ನೋಡಿಬಿಟ್ಟಿದ್ದರು.  ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದರು, ಅಷ್ಟೆ. ಊಟಕ್ಕೆ ಬಂದರು, ಕಾಫಿ ಕುಡಿದರು, ಪೇಪರ್ ಓದಿದರು. ನಾನು ಮೂರು ವಾರ ಅವರ ಹಿಂದೆ ಮುಂದೆ ಸುತ್ತಿ ತಪ್ಪಾಯ್ತು ರೀ, ಗೊತ್ತಾಗಲಿಲ್ಲ ರೀ ಎಂದೆ. ತಲೆಯಾಡಿಸುತ್ತಿದ್ದರು. ಬೀದಿಯಲ್ಲಿ ಯಾರಾದರೂ ಯಾಕೆ ಯಜಮಾನರು ಸಪ್ಪಗಿದ್ದಾರೆ ಎಂದರೆ ಅವರಿಗೆ ಶೀತ ಎಂದು ನಾನೇ ಹೇಳುತ್ತಿದ್ದೆ.

ಒಂದು ಶನಿವಾರ ರವಿಕುಮಾರ ಮನೆಗೆ ಬಂದ. ಮೊದಲ ಸಲ ನೋಡಿದ್ದು ಅವನನ್ನು. ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಊರಿನಿಂದ ತಂದ ಕರದಂಟಿನ ಪೊಟ್ಟಣ. ಹಾಲಿನಲ್ಲಿ ಇವರ ಎದುರು ಕೂತು ನಿಧಾನವಾಗಿ ವಿಷಯ ಹೇಳಿದ. ಮೈಕಿನ ಮಾತು ನಿಂತುಹೋಗಿದೆ, ಯಾರಿಗೂ ಮನಸ್ಸಿಲ್ಲ. ಸೀತಾಲಕ್ಷ್ಮಿಯವರು ಊರಿಂದ ಬಂದಿದ್ದಾರೆ. ನಾಳೆ ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲೊಂದರ ಮಹಡಿಯಲ್ಲಿ ಎಲ್ಲರೂ ಸೇರುತ್ತಿದ್ದಾರೆ.

"ನೀವು ಬರಬೇಕ್ರಿ ಸರ. ನೀವು ಎಷ್ಟ್ ಹೊತ್ತ್ ತಗೊಂಡ್ರೂ ನಾವ್ ಕುಂತ್ ಕೇಳ್ತೀವಿ."

 ಹಾಳು ಅಭ್ಯಾಸ ಎಲ್ಲಿ ಹೋಗುತ್ತದೆ? ಅವರಿಗೆ ಆಗಲ್ಲಪ್ಪ, ಜನ ಜಾಸ್ತಿ ಇದ್ರೆ ಕಷ್ಟ ಎಂದು ನಾನೇ ಹೇಳಿಬಿಟ್ಟೆ. ಇವರು ಎದ್ದು ಪೆನ್ಸಿಲ್ ತಂದರು. ಪೇಪರಿನ ಅಂಚಿನಲ್ಲಿ, ನಕ್ಷೆಯ ಮೇಲೆ ಹೆಸರು ಬರೆಯುವ ಆ ದುಂಡು ಅಕ್ಷರದಲ್ಲಿ, ಎಷ್ಟು ಗಂಟೆಗೆ ಎಂದು ಬರೆದು ಹುಡುಗನಿಗೆ ತೋರಿಸಿದರು. ಅವನು ಹನ್ನೊಂದಕ್ಕೆ ಎಂದ. ಆಮೇಲೆ ಅದರ ಕೆಳಗೇ ಇನ್ನೊಂದು ಸಾಲು ಬರೆದು ನನ್ನ ಕಡೆ ತಿರುಗಿಸಿದರು. ನೀನೂ ಬರಬಹುದು, ಮಾತಾಡಬೇಡ.

ಹೋದೆ. ನಾನು ಆ ಒಂದೂವರೆ ಗಂಟೆ ಹೇಗೆ ಕಳೆದೆ ಎಂದು ಕೇಳಬೇಡಿ. ಉದ್ದನೆಯ ಮೇಜಿನ ಸುತ್ತ ಒಂಬತ್ತು ಜನ. ಸೀತಾಲಕ್ಷ್ಮಿಯವರು ಎದ್ದುಬಂದು ನನ್ನ ಕೈ ಹಿಡಿದುಕೊಂಡರು. ನಾನು ಬರೀ ನಕ್ಕೆ. ಮೂಲೆಯಲ್ಲಿ ಕುಳಿತ ವಸಿಷ್ಠ ತಲೆ ಎತ್ತಲಿಲ್ಲ. ಒಬ್ಬೊಬ್ಬರೂ ತಮ್ಮ ಹೆಸರು, ಏರಿಯಾ ಹೇಳುತ್ತಾ ಬಂದರು. ಇವರ ಸರದಿ ಬಂದಾಗ ನಾನು ವ್ಯಾನಿಟಿ ಬ್ಯಾಗಿನ ಹಿಡಿಯನ್ನು ಉಗುರು ಬೆಳ್ಳಗಾಗುವಂತೆ ಹಿಡಿದುಕೊಂಡೆ. ಅವರ ಹೆಸರು ಹೊರಬರಲು ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಮಾಣಿ ನೀರಿನ ಲೋಟಗಳನ್ನೆಲ್ಲ ಇಟ್ಟು ಕೆಳಗಿಳಿದು ಹೋದ. ಬಂತು. ಪದ್ಮನಾಭನಗರವೂ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಪಾಪ ಎನ್ನಲಿಲ್ಲ. ಪಕ್ಕದವರು ತಮ್ಮ ಹೆಸರು ಹೇಳಿದರು.

ದೋಸೆ ಮುಗಿಯಿತು. ಹಳೇ ರೂಮಿನ ಮಾತು, ಕಳೆದುಹೋದವರ ಮಾತು, ಯಾರು ಎಲ್ಲಿದ್ದಾರೋ ಎಂಬ ಮಾತು. ಇವರು ಎರಡು ಸಲ ನಡುವೆ ಮಾತಾಡಿದರು, ಅದರಲ್ಲೊಂದು ತಮಾಷೆ. ತಮಾಷೆಯ ಕೊನೆ ತಡವಾಗಿ ಬಂತು. ಬಂದ ಮೇಲೆ ಎಲ್ಲರೂ ನಕ್ಕರು. ಕಾಫಿ ಬಂದಾಗ ಸೀತಾಲಕ್ಷ್ಮಿಯವರು ಲೋಟ ಕೆಳಗಿಟ್ಟು, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳುವವರ ಹಾಗೆ ಕೇಳಿದರು.

"ಶಾಮಣ್ಣನವರೇ, ಚೂಡಾಮಣಿ ಬರೆದಿದ್ದಕ್ಕೆ ನಿಮಗೆ ಕೋಪ ಬರಲಿಲ್ಲ ತಾನೇ?"

 ಇವರ ತುಟಿ ಅದುರಿತು. ಅವರೆಲ್ಲ ಒಳ್ಳೆಯವರೇ, ಆದರೂ ಅರ್ಧ ನಿಮಿಷವಾದ ಮೇಲೆ ಒಬ್ಬೊಬ್ಬರೇ ನನ್ನ ಕಡೆ ನೋಡತೊಡಗಿದರು. ಎಲ್ಲರೂ ಕೊನೆಗೆ ನನ್ನ ಕಡೆಯೇ ನೋಡುವುದು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು: ಛೆ ಛೆ, ಅವರಿಗೆಲ್ಲಿ ಕೋಪ, ದೇವರಂಥ ಮನುಷ್ಯ. ಮೂವತ್ತೈದು ವರ್ಷದಲ್ಲಿ ನೂರು ಸಲ ಹೇಳಿದ ಮಾತು ಅದು. ಬಿಸಿ ಕಾಫಿ ಬಾಯಿಗೆ ಹಾಕಿಕೊಂಡೆ. ನಾಲಿಗೆ ಸುಟ್ಟುಹೋಯಿತು.

"ಬಂ... ಬಂತು," ಎಂದರು ಇವರು. "ತುಂಬಾ ಬಂತು."

ನಾನು ಲೋಟ ಹಿಡಿದುಕೊಂಡೇ ಕೂತೆ. ಅವರು ಮುಂದೆ ಹೇಳಿದ್ದನ್ನು ಇಲ್ಲಿ ನಾಲ್ಕು ಸಾಲಿನಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಅದು ಮುಗಿಯುವ ಹೊತ್ತಿಗೆ ಎಲ್ಲರ ಕಾಫಿಯೂ ಆರಿಹೋಗಿತ್ತು. ಎರಡನೇ ಭಾನುವಾರದ ಮರುದಿನವೇ ಅವರು ಒಬ್ಬರೇ ಹೋಗಿ ಮೈಕ್ ಕೊಂಡುತಂದಿದ್ದರಂತೆ. ನಾನು ಭಜನೆಗೆ ಹೋದ ಮಧ್ಯಾಹ್ನಗಳಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರಂತೆ. ನಾಲ್ಕೇ ವಾಕ್ಯ. ನನ್ನ ಹೆಸರು ಶಾಮಣ್ಣ, ನನಗೆ ಉಗ್ಗು ಇದೆ, ನಿಧಾನಕ್ಕೆ ಮಾತಾಡುತ್ತೇನೆ, ಕಾಯ್ತೀರಾ ಎಂದು. ವಸಿಷ್ಠನ ಪ್ರಶ್ನೆ ಬಂದ ದಿನ ನನ್ನ ಹೆಗಲು ಮುಟ್ಟಿ ಹೇಳಲು ಬಂದದ್ದೂ ಅದನ್ನೇ. ಆಮೇಲೆ ಅವರು ಸೀತಾಲಕ್ಷ್ಮಿಯವರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅದರ ಮುಂದಿನ ಭಾನುವಾರ ನಾನೇ ಹೇಳೋನಿದ್ದೆ. ಅದನ್ನೂ ನೀನೇ ಹೇಳ್ಬಿಟ್ಟೆ."

ಅವರ ಕಣ್ಣು ತುಂಬಿತ್ತು, ಆದರೆ ಅದು ಅಳುವಲ್ಲ, ಸಿಟ್ಟು. ನಾನು ಅವರ ಸಿಟ್ಟನ್ನು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ. ಇರಲಿಲ್ಲ ಎಂದಲ್ಲ, ಅದು ಹೊರಗೆ ಬರಲು ನಾನು ಜಾಗ ಕೊಟ್ಟಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಪ್ಪಾಯ್ತು ಎನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. 

ಬೀಳ್ಕೊಡುವಾಗ ವಸಿಷ್ಠ ಬಂದು ಇವರ ಕಾಲು ಮುಟ್ಟಿದ. ರವಿಕುಮಾರ ಮುಂದಿನ ತಿಂಗಳೂ ಇದೇ ಹೋಟೆಲಲ್ಲಿ ಸೇರೋಣ ಎಂದ. ನಾವಿಬ್ಬರೂ ನಾಲ್ಕನೇ ಬ್ಲಾಕಿನ ಬಸ್ ಸ್ಟ್ಯಾಂಡಿಗೆ ನಡೆದು, ಉತ್ತರಹಳ್ಳಿ ಮೇಲೆ ವಸಂತಪುರಕ್ಕೆ ಹೋಗುವ ಬಸ್ಸು ಹತ್ತಿದೆವು. ಟಿಕೆಟ್ಟನ್ನು ಅವರೇ ಕೇಳಿದರು. ಹಿಂದೆ ನಿಂತವರು ಗೊಣಗಿದರು. ಗೊಣಗಲಿ ಬಿಡಿ.

ಬಸ್ಸು ಹೊರಟ ಮೇಲೆ ಅವರು ಮತ್ತೆ ಶುರುಮಾಡಿದರು. ಮೈಕಿನ ವಿಷಯವಲ್ಲ, ಹಳೆಯವು. ಮಾವನವರು ತೀರಿಕೊಂಡ ದಿನ ಬಂದವರಿಗೆ ಅವರ ಬಗ್ಗೆ ಏನೋ ಹೇಳಬೇಕೆಂದಿದ್ದರಂತೆ. ನಾನು ನೆಂಟರಿಗೆ ಇವರಿಗೆ ತುಂಬಾ ದುಃಖವಾಗಿದೆ ಎಂದು ಹೇಳಿ ಒಳಗೆ ಕರೆದುಕೊಂಡು ಹೋದೆನಂತೆ. ಸುರಭಿಗೆ ಇಡಬೇಕೆಂದಿದ್ದ ಹೆಸರೇ ಬೇರೆಯಂತೆ. ಒಂದೊಂದೂ ನಿಜ. ಒಂದೊಂದಕ್ಕೂ ನನ್ನಲ್ಲಿ ಉತ್ತರವಿತ್ತು, ಹೇಳಲಿಲ್ಲ. ಕಿಟಕಿಯ ಕಡೆ ಮುಖ ಮಾಡದೆ, ಅವರ ಮುಖವನ್ನೇ ನೋಡುತ್ತಾ ಕೂತೆ.

ಪದ್ಮನಾಭನಗರ ಬಂತು. ಅವರ ವಾಕ್ಯ ಅರ್ಧದಲ್ಲಿತ್ತು. ಅದರ ಉಳಿದರ್ಧ ಏನೆಂದು, ದೇವರಾಣೆ, ನನಗೆ ಗೊತ್ತಿರಲಿಲ್ಲ. ನಮ್ಮ ಸ್ಟಾಪಿನಲ್ಲಿ ನಾಲ್ಕು ಜನ ಇಳಿದರು, ಬಸ್ಸು ಮುಂದೆ ಹೋಯಿತು. ಕಂಡಕ್ಟರ್ ಬಂದು, "ನಿಮ್ ಸ್ಟಾಪ್ ಹೋಯ್ತಲ್ಲ ಮೇಡಂ," ಎಂದ.

"ಸ್ವಲ್ಪ ಇರಪ್ಪ," ಎಂದೆ. "ಇವರು ಮಾತಾಡ್ತಿದಾರೆ."